ಹಾಸಿಗೆ ಪಕ್ಕದಲ್ಲಿ ಹುಟ್ಟುವ ಪ್ರಶ್ನೆಗಳು

ರಾತ್ರಿ ಪಾಳಿಯಲ್ಲಿ ಎರಡು ಗಂಟೆ ದಾಟಿದ ಮೇಲೆ ನಮ್ಮ ಕ್ಯಾನ್ಸರ್ ವಾರ್ಡಿನಲ್ಲಿ ಜಾಸ್ತಿ ಕೇಳಿಬರುವ ಮಾತು, "ಸಿಸ್ಟರ್, ಉಸಿರು ಸಿಗವಲ್ದು." ನೋವಾದರೆ ಎಲ್ಲಿ, ಎಷ್ಟು ಅಂತ ಕೇಳಬಹುದು. ಉಸಿರು ಸಿಗದವರನ್ನು ಮಾತಾಡಿಸುವುದೇ ಕಷ್ಟ. ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಊರಿ, ಭುಜ ಮೇಲೆತ್ತಿ ಗಾಳಿ ಎಳೆಯುತ್ತಿರುತ್ತಾರೆ. ಪಕ್ಕದಲ್ಲಿ ನಿಂತ ಮಗನೋ ಸೊಸೆಯೋ "ಆಕ್ಸಿಜನ್ ಹಚ್ರಿ" ಅಂತ ಗಾಬರಿಯಿಂದ ಹೇಳುತ್ತಾರೆ. ಹಚ್ಚುತ್ತೇವೆ. ಮನೆಯವರಿಗೆ ಸಮಾಧಾನ ಆಗುತ್ತದೆ. ರೋಗಿ ಎಷ್ಟೋ ಸಲ ಹಾಗೆಯೇ ಕೂತಿರುತ್ತಾರೆ.

ಈ ಕಷ್ಟವನ್ನು ಸಂಶೋಧನೆಯ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಇಂಗ್ಲೆಂಡಿನ ನರ್ಸ್ ಜೆಸಿಕಾ ಕಾರ್ನರ್ ಮುಖ್ಯರು. 1990ರ ದಶಕದಲ್ಲಿ ಅವರು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಉಸಿರು ಕಟ್ಟಿದರೆ, ಅದು ಶ್ವಾಸಕೋಶದ ಸಮಸ್ಯೆ, ಅಲ್ಲೇ ಏನಾದರೂ ಮಾಡಬೇಕು ಅನ್ನುವುದು ಆಗಿನ ರೂಢಿ. ಕಾರ್ನರ್ ಮತ್ತು ಅವರ ಜೊತೆಗಾರರು ರೋಗಿಯ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಉಸಿರು ಕಟ್ಟಿದಾಗ "ಇದೇ ಕೊನೆ" ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ಉಸಿರು ಇನ್ನೂ ಮೇಲಕ್ಕೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯದೆ ಒಂದನ್ನು ಸರಿಮಾಡಲು ಆಗುವುದಿಲ್ಲ ಅಂತ ಅವರು ಹೇಳಿದರು.

1999ರಲ್ಲಿ ಮೇರಿ ಬ್ರೆಡಿನ್, ಕಾರ್ನರ್ ಮತ್ತು ಇತರರು ಸೇರಿ ಮಾಡಿದ ದೊಡ್ಡ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬ್ರಿಟನ್ನಿನ 6 ಆಸ್ಪತ್ರೆಗಳಲ್ಲಿ ನರ್ಸ್‌ಗಳೇ ನಡೆಸುವ ಕ್ಲಿನಿಕ್‌ಗಳು. ಒಟ್ಟು 119 ರೋಗಿಗಳು, ಎಲ್ಲರೂ ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿದವರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪಿನವರು ವಾರಕ್ಕೊಮ್ಮೆ ನರ್ಸ್ ಹತ್ತಿರ ಬಂದರು. ಅಲ್ಲಿ ನರ್ಸ್ ಉಸಿರನ್ನು ನಿಧಾನಕ್ಕೆ ಹಿಡಿತಕ್ಕೆ ತರುವುದನ್ನು ಹೇಳಿಕೊಟ್ಟರು. ಮೆಟ್ಟಿಲು ಹತ್ತುವಾಗ, ಸ್ನಾನ ಮಾಡುವಾಗ ಎಲ್ಲಿ ನಿಂತು ಸುಧಾರಿಸಿಕೊಳ್ಳಬೇಕು ಅಂತ ಕೂತು ಲೆಕ್ಕ ಹಾಕಿದರು. ಮೈ ಸಡಿಲ ಬಿಡುವುದನ್ನು ಕಲಿಸಿದರು. ಜೊತೆಗೆ, ಈ ಕಾಯಿಲೆಯ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂತ ಕೇಳಿದರು, ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು. ಎಂಟನೇ ವಾರಕ್ಕೆ ಈ ಗುಂಪಿನವರ ಉಸಿರಾಟ, ಓಡಾಟ, ಮನಸ್ಸಿನ ಸ್ಥಿತಿ ಮೂರೂ ಇನ್ನೊಂದು ಗುಂಪಿಗಿಂತ ಚೆನ್ನಾಗಿದ್ದವು.

ಹೊಸ ಮಾತ್ರೆ ಇಲ್ಲ, ಹೊಸ ಯಂತ್ರ ಇಲ್ಲ. ಇದನ್ನು ಮೊದಲು ಓದಿದಾಗ ನನಗೆ ತುಂಬಾ ಖುಷಿಯಾಯಿತು. ನಾವು ದಿನಾ ಮಾಡುವ ಕೆಲಸ ಅಲ್ವಾ ಇದು? ಬೆನ್ನಿಗೆ ದಿಂಬು ಕೊಟ್ಟು, "ನನ್ನ ಜೊತೆ ನಿಧಾನಕ್ಕೆ ಉಸಿರು ಬಿಡ್ರಿ" ಅಂತ ಹೇಳುವ ಕೆಲಸ. ಅದನ್ನು ಅಳೆದು ತೋರಿಸಬಹುದು ಅಂತ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಆಕ್ಸಿಜನ್ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸಿಲಿಂಡರ್‌ಗಾಗಿ ಸಾಲ ಮಾಡಿದ ಮನೆಗಳನ್ನು ನೋಡಿದ್ದೇನೆ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 239 ರೋಗಿಗಳಿದ್ದರು. ಎಲ್ಲರಿಗೂ ವಾಸಿಯಾಗದ ಕಾಯಿಲೆ, ಎಲ್ಲರಿಗೂ ಉಸಿರಿನ ಕಷ್ಟ. ಆದರೆ ರಕ್ತದಲ್ಲಿ ಆಕ್ಸಿಜನ್ ಮಟ್ಟ ತೀರಾ ಕಡಿಮೆಯಾಗಿರಲಿಲ್ಲ. ಅರ್ಧ ಜನರಿಗೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್, ಉಳಿದವರಿಗೆ ಅದೇ ನಳಿಕೆಯಲ್ಲಿ ಕೋಣೆಯ ಸಾಮಾನ್ಯ ಗಾಳಿ. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. ಆಕ್ಸಿಜನ್ ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ ವರ್ಷ ಕೇಂಬ್ರಿಡ್ಜ್‌ನ ಒಂದು ತಂಡ 50 ರೋಗಿಗಳ ಕೈಗೆ ಚಿಕ್ಕ ಬ್ಯಾಟರಿ ಫ್ಯಾನ್ ಕೊಟ್ಟಿತು. 5 ನಿಮಿಷ ಮುಖಕ್ಕೆ ಗಾಳಿ, 5 ನಿಮಿಷ ಕಾಲಿಗೆ. ಮುಖಕ್ಕೆ ಗಾಳಿ ಬಂದಾಗ ಉಸಿರಿನ ಕಷ್ಟ ಇಳಿಯಿತು. ರಕ್ತದ ಆಕ್ಸಿಜನ್ ನಿಜವಾಗಿ ಕಡಿಮೆ ಇರುವವರ ಮಾತು ಬೇರೆ, ಅದನ್ನು ಡಾಕ್ಟರು ನೋಡಿ ತೀರ್ಮಾನಿಸಬೇಕು. ಉಳಿದವರಿಗೆ ಕಿಟಕಿ ತೆಗೆದು, ಮೂಗು ಕೆನ್ನೆಗೆ ತಾಗುವ ಹಾಗೆ ಫ್ಯಾನ್ ಇಟ್ಟರೆ ಅದೂ ಒಂದು ಚಿಕಿತ್ಸೆಯೇ. ಬೀಸಣಿಗೆಯಾದರೂ ಸರಿ.

ಈಗ ಡ್ರಿಪ್. ಕೊನೆಯ ದಿನಗಳಲ್ಲಿ ಇದರಷ್ಟು ಜಗಳ ಬೇರೆ ಯಾವುದಕ್ಕೂ ಆಗುವುದಿಲ್ಲ. ರೋಗಿ ಊಟ ಬಿಟ್ಟಿರುತ್ತಾರೆ, ಎರಡು ಚಮಚ ಗಂಜಿಯೂ ಇಳಿಯುವುದಿಲ್ಲ. "ಒಂದು ಗ್ಲೂಕೋಸ್ ಬಾಟ್ಲಿನಾದ್ರೂ ಹಾಕ್ರಿ, ಉಪವಾಸ ಸಾಯ್ಸಬ್ಯಾಡ್ರಿ" ಅಂತ ಮನೆಯವರು ಕೈ ಮುಗಿಯುತ್ತಾರೆ. ನಮ್ಮಲ್ಲಿ ಊಟ ಹಾಕುವುದೆಂದರೆ ಪ್ರೀತಿ. ಹಾಕದೇ ಇರುವುದು ಪಾಪ. ಹಾಗಾಗಿ ಆ ಬೇಡಿಕೆಯನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅಮೆರಿಕದ ಹ್ಯೂಸ್ಟನ್ ಸುತ್ತಮುತ್ತ ಎಡ್ವಾರ್ಡೊ ಬ್ರುಯೆರಾ ಅವರ ತಂಡ ಈ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಿತು. ಅದು 2013ರಲ್ಲಿ ಪ್ರಕಟವಾಯಿತು. ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳು. ಕೆಲವರಿಗೆ ದಿನಕ್ಕೆ 1 ಲೀಟರ್ ಡ್ರಿಪ್, ಉಳಿದವರಿಗೆ ನೆಪಕ್ಕೆ 100 ಮಿಲಿಲೀಟರ್. ಸುಸ್ತು, ಮಂಪರು, ಭ್ರಮೆ, ಮೈ ಅದುರುವುದು ಯಾವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಬದುಕಿದ ದಿನಗಳಲ್ಲೂ ವ್ಯತ್ಯಾಸ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ವೈದ್ಯಕೀಯ ಉತ್ತರ ಆಗುತ್ತಿತ್ತು. ಅದೇ ಕೆಲಸದ ಜೊತೆಗೆ ಮಾರ್ಲೀನ್ ಕೋಹೆನ್ ಎಂಬ ನರ್ಸ್ ಸಂಶೋಧಕಿ ರೋಗಿಗಳ ಮತ್ತು ಮನೆಯವರ ಹತ್ತಿರ ಕೂತು ಬೇರೊಂದು ಪ್ರಶ್ನೆ ಕೇಳಿದರು. ಈ ಡ್ರಿಪ್ ನಿಮಗೆ ಏನು? ಜನ ಕೊಟ್ಟ ಉತ್ತರಗಳಲ್ಲಿ ಎರಡು ವಿಷಯ ಮತ್ತೆ ಮತ್ತೆ ಬಂದವು. ಒಂದು ಭರವಸೆ, ಇನ್ನೊಂದು ನೆಮ್ಮದಿ. ಇನ್ನೂ ನಮ್ಮವರನ್ನು ಕೈಬಿಟ್ಟಿಲ್ಲ ಅನ್ನುವ ಭಾವನೆ ಆ ಬಾಟಲಿಯಲ್ಲಿತ್ತು. ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ವಾರ್ಡಿನಲ್ಲಿ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಡ್ರಿಪ್‌ನಿಂದ ಲಾಭ ಇಲ್ಲ ಅಂತ ಹೇಳಿ ಹೊರಟುಹೋದರೆ ಆ ಮನೆಯವರ ಕೈ ಖಾಲಿಯಾಗುತ್ತದೆ. ಅವರಿಗೆ ಮಾಡಲು ಏನಾದರೂ ಬೇಕು.

ಅದು ಬಾಯಿಯ ಆರೈಕೆ. ಕೊನೆಗಾಲದಲ್ಲಿ ರೋಗಿಗೆ ಹೊಟ್ಟೆ ಹಸಿವಿಗಿಂತ ಬಾಯಿ ಒಣಗುವುದು ಜಾಸ್ತಿ ಕಾಡುತ್ತದೆ. ತುಟಿ ಸೀಳುತ್ತದೆ, ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ. ಮೆತ್ತನೆ ಬಟ್ಟೆ ಅಥವಾ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಒಸಡು ನಾಲಿಗೆ ಒರೆಸಬೇಕು. ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಬೇಕು. ಗಂಟೆ ಎರಡು ಗಂಟೆಗೊಮ್ಮೆ ಮಾಡಬೇಕು. ತಲೆ ಸ್ವಲ್ಪ ಎತ್ತಿ ಒಂದು ಮಗ್ಗುಲಿಗೆ ತಿರುಗಿಸಿದರೆ ನೀರು ಗಂಟಲಿಗೆ ಹೋಗುವ ಭಯ ಕಡಿಮೆ. ನಮ್ಮ ಕಡೆ ಕೊನೆಗೆ ಬಾಯಿಗೆ ಗಂಗಾಜಲವೋ ತುಳಸಿ ನೀರೋ ಬಿಡುವ ಪದ್ಧತಿ ಇದ್ದೇ ಇದೆ. ಹತ್ತಿಯಲ್ಲಿ ಅದ್ದಿ ತುಟಿಗೆ ತಾಗಿಸಿ ಅಂತ ಹೇಳಿದರೆ ಯಾವ ಮಗಳೂ ಬೇಡ ಅನ್ನುವುದಿಲ್ಲ. ಡ್ರಿಪ್ ಕೇಳಿ ಜಗಳಾಡಿದ ಮಗ ಅರ್ಧ ಗಂಟೆಯಲ್ಲಿ ಅಪ್ಪನ ತುಟಿ ಒರೆಸುತ್ತಾ ಕೂತಿದ್ದನ್ನು ನೋಡಿದ್ದೇನೆ.

ಇದರಲ್ಲಿ ಬಹಳಷ್ಟು ತಿಳಿವಳಿಕೆ ನರ್ಸ್‌ಗಳಿಂದ ಬಂದಿದೆ, ಸರಿ. ಆದರೆ ಅದಕ್ಕೆ ಬೆಲೆ ಸಿಗಲು ಎಷ್ಟು ವರ್ಷ ಬೇಕಾಯಿತು ಅಂತ ನೋಡಿದರೆ ಬೇಜಾರಾಗುತ್ತದೆ.

ಸಿಸಿಲಿ ಸಾಂಡರ್ಸ್ ಹೆಸರು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಮನೆ, ತೆರೆದವರು. ಅವರು ಶುರು ಮಾಡಿದ್ದು ನರ್ಸ್ ಆಗಿ, ಎರಡನೇ ಮಹಾಯುದ್ಧದ ಕಾಲದಲ್ಲಿ. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಸಂಜೆ ಹೊತ್ತು ಸೇಂಟ್ ಲ್ಯೂಕ್ಸ್ ಎಂಬ ಕಡೆ ಸಾಯುವವರ ಸೇವೆಗೆ ಹೋಗುತ್ತಿದ್ದರು. ಅಲ್ಲಿ ನೋವು ಬಂದ ಮೇಲೆ ಮಾರ್ಫಿನ್ (ಅಫೀಮಿನಿಂದ ತಯಾರಾಗುವ ನೋವಿನ ಔಷಧಿ) ಕೊಡುತ್ತಿರಲಿಲ್ಲ. ಗಡಿಯಾರ ನೋಡಿ, ನೋವು ಮತ್ತೆ ಬರುವ ಮೊದಲೇ ಬಾಯಿಗೆ ಹಾಕುತ್ತಿದ್ದರು. ರೋಗಿಗಳು ನೋವಿಲ್ಲದೆ, ಎಚ್ಚರವಾಗಿ, ಮಾತಾಡುತ್ತಾ ಇರುತ್ತಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿರಲಿಲ್ಲ. ಈ ರೋಗಿಗಳಿಗಾಗಿ ಏನಾದರೂ ಮಾಡಬೇಕು ಅಂತ ಸಾಂಡರ್ಸ್ ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಸರ್ಜನ್ ನಾರ್ಮನ್ ಬ್ಯಾರೆಟ್ ಅವರ ಹತ್ತಿರ ಹೇಳಿದರು. ಡಾಕ್ಟರ್ ಓದು, ಇಲ್ಲವಾದರೆ ಯಾರೂ ನಿನ್ನ ಮಾತು ಕೇಳುವುದಿಲ್ಲ ಅನ್ನುವ ಅರ್ಥದ ಸಲಹೆ ಬಂತು. ಅವರು ಓದಿದರು, 1957ರಲ್ಲಿ ಡಾಕ್ಟರಾದರು. ಆಮೇಲೆ ಸೇಂಟ್ ಜೋಸೆಫ್ಸ್ ಹಾಸ್ಪೈಸ್‌ನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಬರೆದಿಟ್ಟು, ಹೊತ್ತು ಹೊತ್ತಿಗೆ ಕೊಟ್ಟ ಮಾರ್ಫಿನ್‌ನಿಂದ ಜನ ಚಟಕ್ಕೆ ಬೀಳುವುದಿಲ್ಲ, ಡೋಸ್ ಏರುತ್ತಲೇ ಹೋಗುವುದಿಲ್ಲ ಅಂತ ತೋರಿಸಿದರು. ಆಗ ಜಗತ್ತು ಕೇಳಿಸಿಕೊಂಡಿತು.

ಸೇಂಟ್ ಲ್ಯೂಕ್ಸ್‌ನಲ್ಲಿ ಗಡಿಯಾರ ನೋಡಿ ಔಷಧಿ ಕೊಡುತ್ತಿದ್ದ ಕೈಗಳು ನರ್ಸ್‌ಗಳವು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನನಗೆ ಸಾಂಡರ್ಸ್ ಬಗ್ಗೆ ಅಪಾರ ಗೌರವ ಇದೆ. ಆದರೆ ಒಬ್ಬ ನರ್ಸ್ ಕಂಡದ್ದನ್ನು ಜನ ನಂಬಬೇಕಾದರೆ ಅವಳು ಡಾಕ್ಟರಾಗಿಯೇ ಬರಬೇಕಿತ್ತು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅಮೆರಿಕದಲ್ಲಿ ಯೇಲ್ ನರ್ಸಿಂಗ್ ಶಾಲೆಯ ಡೀನ್ ಆಗಿದ್ದ ಫ್ಲಾರೆನ್ಸ್ ವಾಲ್ಡ್ 1963ರಲ್ಲಿ ಸಾಂಡರ್ಸ್ ಭಾಷಣ ಕೇಳಿದರು. ಆಮೇಲೆ ಆ ಹುದ್ದೆಯನ್ನೇ ಬಿಟ್ಟು, ಸಾಯುವ ರೋಗಿಗಳ ಅಧ್ಯಯನಕ್ಕೆ ಇಳಿದು, 1974ರಲ್ಲಿ ಆ ದೇಶದ ಮೊದಲ ಹಾಸ್ಪೈಸ್ ಕಟ್ಟುವುದರಲ್ಲಿ ಮುಂದೆ ನಿಂತರು. ಅವರು ನರ್ಸ್ ಆಗಿಯೇ ಉಳಿದರು.

1968ರಲ್ಲಿ ಮಾರ್ಗೊ ಮ್ಯಾಕ್‌ಕ್ಯಾಫ್ರಿ ಅನ್ನುವ ಇನ್ನೊಬ್ಬ ಅಮೆರಿಕನ್ ನರ್ಸ್ ಹೇಳಿದ ವಿವರಣೆ ನಮ್ಮ ಪಠ್ಯದಲ್ಲೂ ಇದೆ. ನೋವು ಅಂದರೆ ಅನುಭವಿಸುವವರು ಏನು ಅನ್ನುತ್ತಾರೋ ಅದು, ಇದೆ ಅಂತ ಅವರು ಹೇಳಿದಾಗ ಅದು ಇದೆ. ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ಬರೆಯುತ್ತಾರೆ. ವಾರ್ಡಿಗೆ ಬಂದಾಗ "ಈಗಷ್ಟೇ ಇಂಜೆಕ್ಷನ್ ಕೊಟ್ಟಿದೀವಲ್ಲ, ಅಷ್ಟು ನೋವು ಇರಕ್ಕಿಲ್ಲ" ಅನ್ನುವ ಮಾತು ಈಗಲೂ ಕೇಳುತ್ತದೆ.

ಇನ್ನು ಹೇಳಬೇಕೋ ಬೇಡವೋ ಅನ್ನುವ ವಿಷಯ. ಇದು ನಮ್ಮ ಮನೆಗಳ ಒಳಗಿನ ಮಾತು.

"ಅಪ್ಪಾಜಿಗೆ ಏನೂ ಹೇಳಬ್ಯಾಡ್ರಿ ಸಿಸ್ಟರ್. ಗೊತ್ತಾತಂದ್ರ ಎದಿ ಒಡಕೊಂತಾರ." ವಾರ್ಡಿಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರ ಮೊದಲ ಬೇಡಿಕೆ ಇದು. ಬಾಗಿಲ ಹೊರಗೆ ಕರೆದು, ದನಿ ತಗ್ಗಿಸಿ ಹೇಳುತ್ತಾರೆ. ಒಳಗೆ ಅಪ್ಪಾಜಿಗೆ ಕರೆಂಟ್ (ರೇಡಿಯೇಷನ್) ಕೊಟ್ಟಾಗಿದೆ, ಕೂದಲು ಉದುರಿದೆ, ಪಕ್ಕದ ಮಂಚದವರ ಜೊತೆ ಮಾತಾಡಿ ಎಲ್ಲ ತಿಳಿದುಕೊಂಡಿದ್ದಾರೆ. ರಾತ್ರಿ ಮಗ ಮಲಗಿದ ಮೇಲೆ ನಮ್ಮನ್ನು ಕರೆದು, "ನನಗ ಗೊತ್ತೈತಿ, ಆದ್ರ ಹುಡುಗಗ ಹೇಳಬ್ಯಾಡ, ಅಂವ ಹೆದರ್ತಾನ" ಅನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ. ಮಧ್ಯದಲ್ಲಿ ನಾವು.

1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಆಸ್ಪತ್ರೆಗಳಲ್ಲಿ ಬಾರ್ನಿ ಗ್ಲೇಸರ್, ಆನ್ಸೆಲ್ಮ್ ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಮತ್ತು ಜೀನ್ ಕ್ವಿಂಟ್ ಎಂಬ ನರ್ಸ್ ಸೇರಿ ಇದನ್ನೇ ಕೂತು ನೋಡಿ ಬರೆದರು. ಸಾಯುವವರ ಸುತ್ತ ನಾಲ್ಕು ಬಗೆಯ ವಾತಾವರಣ ಇರುತ್ತದೆ ಅಂತ ಅವರು ಗುರುತಿಸಿದರು. ರೋಗಿಗೆ ಏನೂ ಗೊತ್ತಿಲ್ಲ. ಅಥವಾ ರೋಗಿಗೆ ಅನುಮಾನ ಇದೆ. ಅಥವಾ ಎಲ್ಲರಿಗೂ ಗೊತ್ತಿದೆ, ಆದರೆ ಗೊತ್ತಿಲ್ಲದ ಹಾಗೆ ಇರುತ್ತಾರೆ. ಅಥವಾ ಎಲ್ಲರಿಗೂ ಗೊತ್ತಿದೆ, ಮಾತಾಡುತ್ತಾರೆ. ಮೂರನೆಯದು ನಮ್ಮ ವಾರ್ಡಿನ ಕಥೆ. ಕ್ವಿಂಟ್ ಇದರಲ್ಲಿ ನರ್ಸ್‌ಗಳ ಪಾಡನ್ನೇ ವಿಶೇಷವಾಗಿ ಗಮನಿಸಿದರು, 1967ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದರು. ರೋಗಿ ಸಾವಿನ ಮಾತು ಎತ್ತಿದರೆ ನರ್ಸ್‌ಗಳು ವಿಷಯ ಬದಲಾಯಿಸುತ್ತಿದ್ದರು, ಬೇರೆ ಕೆಲಸ ಹಿಡಿಯುತ್ತಿದ್ದರು. ಕಾರಣ, ಅವರ ಓದಿನಲ್ಲಿ ಎಲ್ಲೂ ಇದಕ್ಕೆ ತಯಾರಿ ಇರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಅವರೂ ಈ ಮುಚ್ಚುಮರೆಯ ಬಗ್ಗೆ ಕೆಲಸ ಮಾಡಿದ್ದಾರೆ. ವಿದೇಶದ ಒಬ್ಬ ಸಂಶೋಧಕಿಯ ಜೊತೆ ಸೇರಿ ಬರೆದ ಅವರ ಲೇಖನ 2009ರಲ್ಲಿ ಭಾರತದ ಉಪಶಾಮಕ ಆರೈಕೆಯ (ವಾಸಿಯಾಗದ ಕಾಯಿಲೆಯವರ ಕಷ್ಟ ಕಡಿಮೆ ಮಾಡುವ ಆರೈಕೆಯ) ಪತ್ರಿಕೆಯಲ್ಲಿ ಬಂತು. ಮನೆಯವರು ಮುಚ್ಚಿಡುವುದನ್ನು ಸುಳ್ಳು, ಮೋಸ ಅಂತ ನೋಡುವುದು ತಪ್ಪಾಗುತ್ತದೆ. ಅವರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಹಾಗಂತ ರೋಗಿಯನ್ನು ಒಂಟಿಯಾಗಿ ಬಿಡಲೂ ಆಗದು. ನಾನು ಮನೆಯವರಿಗೆ ಹೇಳುವುದು ಇಷ್ಟು: ನಾನಾಗಿ ಏನೂ ಹೇಳುವುದಿಲ್ಲ. ಆದರೆ ಅವರು ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ. ಆಮೇಲೆ ರೋಗಿಯ ಹತ್ತಿರ ಕೂತು, "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ಗೊತ್ತಾಗಬೇಕು ಅನ್ಸುತ್ತೆ? ಎಲ್ಲ ನಿಮಗೇ ಹೇಳೋಣವಾ, ಮಗನ ಹತ್ತಿರ ಮಾತಾಡೋಣವಾ?" ಅಂತ ಕೇಳುತ್ತೇನೆ. ಕೆಲವರು ನಿಜವಾಗಿಯೂ "ಮಗನ ಕೂಡ ಮಾತಾಡ್ರಿ" ಅನ್ನುತ್ತಾರೆ. ಅದೂ ಅವರ ಹಕ್ಕು. ಕೇಳದೇ ನಾವೇ ತೀರ್ಮಾನ ಮಾಡುವುದಷ್ಟೇ ಬೇಡ.

ಇಂಥ ಮಾತುಕತೆಗೆ ಒಬ್ಬ ನರ್ಸ್ ಅನ್ನು ನೇಮಿಸಿದರೆ ಎಲ್ಲ ಸರಿಹೋಗುತ್ತದೆಯೇ? ಅಮೆರಿಕದಲ್ಲಿ ಅದನ್ನೂ ದೊಡ್ಡದಾಗಿ ಮಾಡಿ ನೋಡಿದರು. ಸಪೋರ್ಟ್ ಅಂತ ಆ ಅಧ್ಯಯನದ ಹೆಸರು, 1995ರಲ್ಲಿ ಪ್ರಕಟವಾಯಿತು. ಐದು ಬೋಧನಾ ಆಸ್ಪತ್ರೆಗಳು, ಎರಡು ಹಂತ ಸೇರಿ 9,000ಕ್ಕೂ ಹೆಚ್ಚು ರೋಗಿಗಳು. ಮೊದಲ ಹಂತದಲ್ಲಿ ಕಂಡದ್ದು ಘೋರವಾಗಿತ್ತು. ಹೃದಯ ನಿಂತರೆ ಎದೆ ಒತ್ತಿ ಬದುಕಿಸುವುದು ಬೇಡ ಅನ್ನುವ ರೋಗಿಯ ಇಷ್ಟ ಅರ್ಧಕ್ಕಿಂತ ಕಡಿಮೆ ಡಾಕ್ಟರುಗಳಿಗೆ ಗೊತ್ತಿತ್ತು. ಎಚ್ಚರದಲ್ಲಿದ್ದು ತೀರಿಕೊಂಡವರಲ್ಲಿ ಅರ್ಧದಷ್ಟು ಜನ ಕೊನೆಯ ದಿನಗಳಲ್ಲಿ ಹೆಚ್ಚಿನ ಹೊತ್ತು ನೋವಿನಲ್ಲಿದ್ದರು ಅಂತ ಮನೆಯವರು ಹೇಳಿದರು. ಎರಡನೇ ಹಂತದಲ್ಲಿ ತರಬೇತಿ ಪಡೆದ ನರ್ಸ್‌ಗಳನ್ನು ಹಾಕಿದರು. ಅವರು ರೋಗಿಯ ಹತ್ತಿರ, ಮನೆಯವರ ಹತ್ತಿರ, ಡಾಕ್ಟರ ಹತ್ತಿರ ಮತ್ತೆ ಮತ್ತೆ ಮಾತಾಡಿದರು, ಮಾಹಿತಿ ತಲುಪಿಸಿದರು. ಏನೂ ಬದಲಾಗಲಿಲ್ಲ. ನೋವು ಅಷ್ಟೇ ಇತ್ತು, ಐಸಿಯು ದಿನಗಳು ಅಷ್ಟೇ ಇದ್ದವು.

ಈ ಸೋಲಿನ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ನನ್ನ ಓದು ಸರಳ. ಆ ನರ್ಸ್‌ಗಳ ಕೈಯಲ್ಲಿ ಮಾಹಿತಿ ಇತ್ತು, ತೀರ್ಮಾನ ಇರಲಿಲ್ಲ. ಅವರು ಹೇಳಿದ್ದನ್ನು ಡಾಕ್ಟರು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಟಪಾಲು ತಲುಪಿಸುವ ಕೆಲಸ ಕೊಟ್ಟು, ಕಾಗದದಲ್ಲಿ ಬರೆದದ್ದು ಯಾಕೆ ನಡೆಯಲಿಲ್ಲ ಅಂತ ಕೇಳಿದ ಹಾಗಾಯಿತು.

ಅದಕ್ಕೆ ಹೋಲಿಸಿದರೆ ಮೇರಿ ಬಕೀಟಸ್ ಮಾಡಿದ ಕೆಲಸ ನೋಡಿ. ಅವರೂ ನರ್ಸ್. ಅಮೆರಿಕದ ಈಶಾನ್ಯದ ನ್ಯೂ ಹ್ಯಾಂಪ್‌ಶೈರ್ ಕಡೆಯ ಹಳ್ಳಿಗಾಡು, ರೋಗಿಗಳು ಆಸ್ಪತ್ರೆಗೆ ದೂರದಿಂದ ಬರಬೇಕು. ಬಕೀಟಸ್ ತಂಡ 322 ಜನ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ತೆಗೆದುಕೊಂಡಿತು. ಅರ್ಧ ಜನರಿಗೆ ಅನುಭವಿ ನರ್ಸ್ ಫೋನ್ ಮಾಡುತ್ತಿದ್ದರು. ಮೊದಲು ವಾರಕ್ಕೊಂದರಂತೆ ನಾಲ್ಕು ಸಲ, ಆಮೇಲೆ ತಿಂಗಳಿಗೊಮ್ಮೆ, ಕೊನೆಯವರೆಗೂ. ಸಮಸ್ಯೆ ಬಂದಾಗ ಹೇಗೆ ಯೋಚಿಸಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು, ಯಾವ ಲಕ್ಷಣಕ್ಕೆ ಏನು ಮಾಡಬೇಕು, ಮುಂದಿನ ದಿನಗಳಿಗೆ ಏನು ಇಷ್ಟ ಅಂತ ಹೇಗೆ ಹೇಳಬೇಕು ಅನ್ನುವುದನ್ನು ರೋಗಿಗೇ ಕಲಿಸಿದರು. 2009ರಲ್ಲಿ ಫಲಿತಾಂಶ ಬಂದಾಗ, ಫೋನ್ ಪಡೆದವರ ಬದುಕಿನ ಗುಣಮಟ್ಟ ಮತ್ತು ಮನಸ್ಸು ಎರಡೂ ಹೆಚ್ಚು ಚೆನ್ನಾಗಿದ್ದವು. ಆಸ್ಪತ್ರೆಯಲ್ಲಿ ಕಳೆದ ದಿನಗಳು ಮಾತ್ರ ಕಡಿಮೆಯಾಗಿರಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದರು.

2015ರ ಮುಂದಿನ ಅಧ್ಯಯನದಲ್ಲಿ 207 ರೋಗಿಗಳು. ಈ ಆರೈಕೆ ಕೂಡಲೇ ಶುರುವಾದವರಲ್ಲಿ 63% ಜನ ಒಂದು ವರ್ಷ ಬದುಕಿದ್ದರು. ಮೂರು ತಿಂಗಳು ತಡವಾಗಿ ಶುರುವಾದವರಲ್ಲಿ 48%. ಜೊತೆಗೆ ಬಂದ ಇನ್ನೊಂದು ವರದಿ ಮನೆಯಲ್ಲಿ ನೋಡಿಕೊಳ್ಳುವವರದ್ದು, 122 ಜನ. ಅವರಿಗೂ ನರ್ಸ್ ಫೋನ್ ಮಾಡಿದ್ದರು. ಬೇಗ ಶುರುವಾದವರಲ್ಲಿ ಖಿನ್ನತೆ ಕಡಿಮೆ ಇತ್ತು. ರೋಗಿಯ ಹೆಂಡತಿಗೆ, ಮಗಳಿಗೆ "ನೀವು ಊಟ ಮಾಡಿದ್ರಾ, ನಿದ್ದೆ ಬಂತಾ" ಅಂತ ಕೇಳುವವರು ಒಬ್ಬರು ಇದ್ದರೆ ಎಷ್ಟು ಬದಲಾಗುತ್ತದೆ ಅಲ್ವಾ. ಬಾಸ್ಟನ್‌ನಲ್ಲಿ ಡಾಕ್ಟರ್ ಜೆನ್ನಿಫರ್ ಟೆಮೆಲ್ 2010ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ 151 ರೋಗಿಗಳಲ್ಲಿ ಕಂಡದ್ದೂ ಇದೇ ದಾರಿಯಲ್ಲಿತ್ತು. ಉಪಶಾಮಕ ಆರೈಕೆ ಬೇಗ ಸಿಕ್ಕವರಿಗೆ ಕೊನೆಯಲ್ಲಿ ಕೀಮೋದಂಥ ಕಠಿಣ ಚಿಕಿತ್ಸೆ ಕಡಿಮೆ, ಬದುಕಿದ ಕಾಲ ಮಾತ್ರ ಜಾಸ್ತಿ. 11.6 ತಿಂಗಳು, ಇನ್ನೊಂದು ಕಡೆ 8.9. "ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದ ಮೇಲೆ ಶುರುವಾಗುವ ಆರೈಕೆ ತಡವಾಗಿ ಬಂದ ಆರೈಕೆ.

ರಾಯಚೂರು, ಕೊಪ್ಪಳ, ಬೀದರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸಿನಲ್ಲಿ, ರೈಲಿನಲ್ಲಿ ಬರುವವರನ್ನು ನೆನೆಸಿಕೊಳ್ಳಿ. ಬೆನ್ನುಮೂಳೆಗೆ ಹರಡಿದ ಕ್ಯಾನ್ಸರ್ ಇಟ್ಟುಕೊಂಡು ಅಷ್ಟು ದೂರದ ಪ್ರಯಾಣ. ಬಂದದ್ದು ಬರೀ ಮಾತ್ರೆ ಬರೆಸಿಕೊಂಡು ಹೋಗಲು. ಫೋನ್‌ನಲ್ಲಿ ಒಬ್ಬ ತರಬೇತಿ ಪಡೆದ ನರ್ಸ್ ಸಿಕ್ಕರೆ ಮಲಬದ್ಧತೆಗೆ, ವಾಂತಿಗೆ, ನಿದ್ದೆಗೆಟ್ಟದ್ದಕ್ಕೆ ಅಲ್ಲೇ ಪರಿಹಾರ ಹೇಳಬಹುದು. ಫೋನ್ ಎಲ್ಲರ ಕೈಯಲ್ಲೂ ಇದೆ. ಇಲ್ಲದಿರುವುದು ಆ ನರ್ಸ್‌ನ ಹುದ್ದೆ.

ಮಾರ್ಫಿನ್ ಫೋನ್‌ನಲ್ಲಿ ಸಿಗುವುದಿಲ್ಲ, ನಿಜ. ನಮ್ಮ ದೇಶ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ಒಂದು. ಆದರೂ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಲೈಸೆನ್ಸಿನ ತಾಪತ್ರಯಕ್ಕೆ ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಮತ್ತು ಅವರಂಥವರ ಎಷ್ಟೋ ವರ್ಷಗಳ ಹೋರಾಟದಿಂದ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ನಿಯಮ ಸಡಿಲವಾಯಿತು. ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಉಗಾಂಡಾ ನಮಗಿಂತ ಬಡ ದೇಶ. ಅಲ್ಲಿ ಡಾಕ್ಟರ್ ಆ್ಯನ್ ಮೆರಿಮನ್ 1993ರಲ್ಲಿ ಹಾಸ್ಪೈಸ್ ಶುರು ಮಾಡಿದರು. ಮಾರ್ಫಿನ್ ಪುಡಿಯನ್ನು ನೀರಲ್ಲಿ ಕರಗಿಸಿ ಬಾಟಲಿಯಲ್ಲಿ ಕೊಡುವ ಅಗ್ಗದ ದಾರಿ ಹಿಡಿದರು. ಹಳ್ಳಿಗಳಲ್ಲಿ ಡಾಕ್ಟರೇ ಇಲ್ಲ, ಬರೆದುಕೊಡುವವರು ಯಾರು? 2004ರಲ್ಲಿ ಆ ಸರಕಾರ ಕಾನೂನು ಬದಲಿಸಿತು. ಉಪಶಾಮಕ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳು ಬಾಯಿಗೆ ಹಾಕುವ ಮಾರ್ಫಿನ್ ಬರೆಯಬಹುದು. ಸಾಂಡರ್ಸ್ ನರ್ಸ್ ಆಗಿದ್ದಾಗ ಸಿಗದ ಅಧಿಕಾರ ಕಂಪಾಲಾದ ನರ್ಸ್‌ಗೆ ಸಿಕ್ಕಿದೆ. ನಮ್ಮ ನರ್ಸ್‌ಗಳಿಗೆ ಯಾಕೆ ಬೇಡ? ಎಲ್ಲ ನರ್ಸ್‌ಗಳಿಗೆ ಅಂತ ನಾನು ಹೇಳುತ್ತಿಲ್ಲ. ತರಬೇತಿ, ಪರೀಕ್ಷೆ, ಡೋಸಿಗೆ ಮಿತಿ, ಮೇಲೆ ಒಬ್ಬ ಡಾಕ್ಟರ ಉಸ್ತುವಾರಿ ಎಲ್ಲ ಇರಲಿ.

ಪಕ್ಕದ ಕೇರಳದಲ್ಲಿ ಅರ್ಧ ದಾರಿ ಸಾಗಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಚಿಕ್ಕದಾಗಿ ಶುರುವಾದದ್ದು, ಊರಿನ ಜನರನ್ನೇ ಸೇರಿಸಿಕೊಂಡು ಬೆಳೆಯಿತು. 2008ರಲ್ಲಿ ರಾಜ್ಯದ ನೀತಿಯೇ ಬಂತು. ಪಂಚಾಯಿತಿ ಮಟ್ಟದಲ್ಲಿ ನರ್ಸ್ ಚೀಲ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಮೂತ್ರದ ನಳಿಕೆ ಬದಲಿಸುತ್ತಾರೆ. ಬೆಂಗಳೂರಿನಲ್ಲಿ ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಿದೆ. ಅಂಥ ಜಾಗಗಳು ಜಿಲ್ಲೆಗೊಂದು ಬೇಕು.

ನರ್ಸ್‌ಗಳ ಮಾತಿಗೆ ನಮ್ಮ ದೇಶದ ಅತಿ ದೊಡ್ಡ ನ್ಯಾಯಾಲಯ ಒಮ್ಮೆ ತೂಕ ಕೊಟ್ಟಿದೆ. ಅರುಣಾ ಶಾನಭಾಗ ನಮ್ಮ ಹೊನ್ನಾವರದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅವರ ಮೇಲೆ ನಡೆದ ದಾಳಿಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. ಕೆಇಎಂ ನರ್ಸ್‌ಗಳು ತಲೆಮಾರು ಬದಲಾದರೂ ಅವರನ್ನು ನೋಡಿಕೊಂಡರು, ಬೆಡ್ ಸೋರ್ ಆಗಲು ಬಿಡಲಿಲ್ಲ. ಅವರಿಗೆ ಸಾಯಲು ಬಿಡಬೇಕು ಅನ್ನುವ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ತೀರ್ಪಿನಲ್ಲಿ ನ್ಯಾಯಾಲಯ ಅರುಣಾ ಪರವಾಗಿ ಮಾತಾಡುವ ಹಕ್ಕು ಕೆಇಎಂ ಸಿಬ್ಬಂದಿಗೇ ಸೇರಿದ್ದು ಅಂತ ಹೇಳಿತು. ಅರುಣಾ ಬದುಕಿರಲಿ ಅನ್ನುವುದು ದಿನಾ ನೋಡಿಕೊಂಡ ಆ ಸಿಬ್ಬಂದಿಯ ಮಾತಾಗಿತ್ತು. ಆ ತೀರ್ಪಿನಿಂದ ಶುರುವಾದ ದಾರಿಯೇ 2018ರಲ್ಲಿ ಘನತೆಯ ಸಾವಿನ ಹಕ್ಕಿನವರೆಗೆ ಬಂತು. 2023ರಲ್ಲಿ ನಿಯಮ ಸರಳವಾಯಿತು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಯಂತ್ರದ ಮೇಲಿನ ಚಿಕಿತ್ಸೆ ನಿಲ್ಲಿಸಬೇಕೇ ಅಂತ ನೋಡಲು ಈ ನಿಯಮದಲ್ಲಿ ಎರಡು ಮಂಡಳಿಗಳಿವೆ, ಎರಡರಲ್ಲೂ ಇರುವವರು ಡಾಕ್ಟರುಗಳು. ಹಗಲು ರಾತ್ರಿ ಪಕ್ಕದಲ್ಲಿದ್ದ ನರ್ಸ್ ಏನು ಕಂಡರು ಅಂತ ಬರೆಸಿಕೊಳ್ಳಲು ಒಂದು ಪುಟವಾದರೂ ಇದ್ದರೆ ಒಳ್ಳೆಯದಿತ್ತು.

ಕಡೆಯದಾಗಿ ನಮ್ಮದೇ ಸಂಶೋಧನೆಯ ಬಗ್ಗೆ. ಎಂ.ಎಸ್ಸಿ. ನರ್ಸಿಂಗ್ ಮಾಡುವವರೆಲ್ಲ ಒಂದು ಪ್ರಬಂಧ ಬರೆಯಬೇಕು. ನಮ್ಮ ಕಾಲೇಜುಗಳ ಲೈಬ್ರರಿ ಕಪಾಟಿನಲ್ಲಿ ಕಾಣುವ ಹೆಚ್ಚಿನ ಪ್ರಬಂಧಗಳು ಒಂದೇ ಅಚ್ಚಿನವು. ಒಂದು ವಿಷಯದ ಬಗ್ಗೆ ವಿದ್ಯಾರ್ಥಿನಿಯರಿಗೋ ತಾಯಂದಿರಿಗೋ ಪ್ರಶ್ನೆಪತ್ರಿಕೆ ಕೊಡುವುದು, ಒಂದು ಪಾಠ ಮಾಡುವುದು, ಮತ್ತೆ ಅದೇ ಪ್ರಶ್ನೆಪತ್ರಿಕೆ ಕೊಡುವುದು, ಅಂಕ ಜಾಸ್ತಿಯಾಯಿತು ಅಂತ ಬರೆಯುವುದು. ಪಾಠ ಮಾಡಿದರೆ ಅಂಕ ಜಾಸ್ತಿಯಾಗುತ್ತದೆ, ಅದು ಗೊತ್ತಿರುವ ವಿಷಯ. ಮಕ್ಕಳನ್ನು ಬೈಯುತ್ತಿಲ್ಲ. ಸಮಯ ಕಡಿಮೆ, ಮಾರ್ಗದರ್ಶಕರಿಗೂ ಅದೇ ಅಭ್ಯಾಸ, ಸಾಯುವವರ ಹತ್ತಿರ ಹೋಗಿ ಅಧ್ಯಯನ ಮಾಡಲು ಒಪ್ಪಿಗೆ ಸಿಗುವುದೂ ಸುಲಭ ಅಲ್ಲ. ಆದರೂ ಬ್ರೆಡಿನ್, ಕೋಹೆನ್, ಬಕೀಟಸ್ ಕೇಳಿದಂಥ ಪ್ರಶ್ನೆಗಳು ನಮ್ಮ ವಾರ್ಡಿನಲ್ಲೂ ಸಾಲಾಗಿ ಬಿದ್ದಿವೆ.

ಮನೆಯವರಿಗೆ ಬಾಯಿ ಒರೆಸುವುದನ್ನು ಕಲಿಸಿದರೆ ಡ್ರಿಪ್‌ಗಾಗಿ ಕೇಳುವುದು ಕಡಿಮೆಯಾಗುತ್ತದೆಯೇ? ಡಿಸ್ಚಾರ್ಜ್ ಆಗಿ ಹಳ್ಳಿಗೆ ಹೋದ ರೋಗಿಯ ಮಾರ್ಫಿನ್ ಮುಗಿದಾಗ ಎಷ್ಟು ದಿನ ಇಲ್ಲದೆ ಇರುತ್ತಾರೆ, ಅಷ್ಟು ದಿನ ಏನು ಮಾಡುತ್ತಾರೆ? ಗಾಯ ವಾಸನೆ ಬರುತ್ತದೆ ಅಂತ ಮೊಮ್ಮಕ್ಕಳನ್ನು ಹತ್ತಿರ ಬಿಡದ ಅಜ್ಜಿಗೆ, ವಾಸನೆ ತಗ್ಗಿಸುವ ಮೆಟ್ರೊನಿಡಜೋಲ್ ಪುಡಿ ಹಾಕಿ ಪಟ್ಟಿ ಕಟ್ಟಿದ ಮೇಲೆ ಮೊಮ್ಮಕ್ಕಳು ಎಷ್ಟು ಹೊತ್ತು ಪಕ್ಕದಲ್ಲಿ ಕೂತರು? ಪಕ್ಕದ ಮಂಚದಲ್ಲಿ ಸಾವಾದ ರಾತ್ರಿ ಉಳಿದ ರೋಗಿಗಳಿಗೆ ನಿದ್ದೆ ಬಂತೇ, ನಾವು ಹೋಗಿ ಮಾತಾಡಿಸಿದರೆ ಬಂತೇ? ಆಶಾ ಕಾರ್ಯಕರ್ತೆಗೆ ನೋವನ್ನು ಅಳೆಯುವುದನ್ನು ಕಲಿಸಿದರೆ ಆ ಊರಿನ ರೋಗಿಗೆ ಔಷಧಿ ಎಷ್ಟು ಬೇಗ ಸಿಗುತ್ತದೆ?

ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಒಂದು ನೋಟ್‌ಬುಕ್, ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಅನುಮತಿ, ಮತ್ತೆ ಕೂತು ಕೇಳುವ ವ್ಯವಧಾನ ಸಾಕು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಮೇಲಿನ ಯಾವುದನ್ನಾದರೂ ತೆಗೆದುಕೊಳ್ಳಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ತೆಗೆದುಕೊಳ್ಳಿ. ಹೇಗೆ ಅಳೆಯಬೇಕು, ಯಾರನ್ನು ಕೇಳಬೇಕು ಅಂತ ಕೂತು ಯೋಚಿಸಲು ನಾನು ಜೊತೆಗಿರುತ್ತೇನೆ. ರಾತ್ರಿ ಪಾಳಿ ಇಲ್ಲದ ದಿನ ಸಂಜೆ ಆರರ ಮೇಲೆ ಬಿಡುವಾಗಿರುತ್ತೇನೆ.